ನಿಮಗಿದು ಗೊತ್ತೇ? ಸೆಲ್ಫ್ ಕೊಳ್ಳುವ ಮುನ್ನ ಹಲ್ಲು ಎಣಿಸಬೇಕು!

ಹಳೆಯ ಕಾರಿನ ಕೀಲಿ ತಿರುಗಿಸುತ್ತೀರಿ. ‘ಟಿಕ್’ ಎನ್ನುತ್ತದೆ, ಅಷ್ಟೇ. ಮೆಕ್ಯಾನಿಕ್ ಬಂದು ಕಿವಿಗೊಟ್ಟು ಕೇಳಿ, ‘ಸೆಲ್ಫ್ ಹೋಗಿದೆ ಸಾರ್’ ಎನ್ನುತ್ತಾರೆ. ಸೆಲ್ಫ್ ಅಂದರೆ ಸ್ಟಾರ್ಟರ್ ಮೋಟರ್. ಹೊಸದೊಂದು ತಂದು ಎರಡು ಬೋಲ್ಟ್ ಬಿಗಿದರೆ ಮುಗಿಯಿತು ಎಂದುಕೊಂಡಿರಾ? ತಾಳಿ! ಈ ಪುಟ್ಟ ಮೋಟರಿನ ಸುತ್ತ ಎಂತೆಂಥ ಬೆರಗುಗಳಿವೆ, ಒಂದೊಂದಾಗಿ ನೋಡೋಣ ಬನ್ನಿ.

ಕೈ ಮುರಿಯುತ್ತಿದ್ದ ಕಾಲ

ಸೆಲ್ಫ್ ಬರುವ ಮುಂಚೆ ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕಿತ್ತು. ಕಿಡಿ ಕೊಂಚ ಬೇಗ ಹಾರಿತೋ, ಎಂಜಿನ್ ಉಲ್ಟಾ ಒದೆಯುತ್ತಿತ್ತು. ಹ್ಯಾಂಡಲ್ ರಪ್ಪನೆ ಹಿಂದೆ ಬಂದು ಕೈಗೆ ಬಡಿಯುತ್ತಿತ್ತು. ಮಣಿಕಟ್ಟಿನ ಬಳಿಯ ಒಂದು ಬಗೆಯ ಮೂಳೆ ಮುರಿತವನ್ನು ಡಾಕ್ಟರುಗಳು ಇಂದಿಗೂ ‘ಶೋಫರ್ ಫ್ರ್ಯಾಕ್ಚರ್’ ಎನ್ನುತ್ತಾರೆ. ಹ್ಯಾಂಡಲ್ ಹೋಯಿತು, ಹೆಸರು ಮೂಳೆಯಲ್ಲೇ ಉಳಿಯಿತು!

ಹ್ಯಾಂಡಲ್ ಹಿಡಿಯುವುದಕ್ಕೂ ಒಂದು ವಿದ್ಯೆ ಬೇಕಿತ್ತು. ಹೆಬ್ಬೆರಳನ್ನು ಅದಕ್ಕೆ ಸುತ್ತಬಾರದು. ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಮಡಗಬೇಕು. ಎಂಜಿನ್ ಒದ್ದರೆ ಹ್ಯಾಂಡಲ್ ಜಾರಿಕೊಂಡು ಹೋಗಲಿ, ಹೆಬ್ಬೆರಳು ಉಳಿಯಲಿ ಎಂದು!

ಕಾರಿಗೆ ಕರೆಂಟಿನ ಸ್ಟಾರ್ಟರ್ ಮೊದಲು ಬಂದದ್ದು ಅಮೆರಿಕದಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ 1896ರಲ್ಲೇ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ತಯಾರಾದ ಆರ್ನಾಲ್ಡ್ ಎಂಬ ಕಾರಿಗೆ ಡೌಸಿಂಗ್ ಎಂಬ ಎಂಜಿನಿಯರು ಕರೆಂಟಿನ ಸ್ಟಾರ್ಟರ್ ಕೂರಿಸಿದ್ದರು. ಅಮೆರಿಕದ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಬರುವ ಸುಮಾರು ಹದಿನೈದು ವರ್ಷ ಮುಂಚೆ!

ಸೆಲ್ಫ್‌ನ ಮೂಲ ಹುಡುಕುತ್ತಾ ಹೋದರೆ ಎಲ್ಲಿ ಮುಟ್ಟುತ್ತೀರಿ ಗೊತ್ತೇ? ಅಂಗಡಿಯ ಗಲ್ಲಾಪೆಟ್ಟಿಗೆಗೆ! ಅಮೆರಿಕದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ ಮೊದಲು ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿದ್ದರು. ಗಲ್ಲಾಪೆಟ್ಟಿಗೆ ತೆರೆಯಲು ಪುಟ್ಟ ಮೋಟರ್ ಜೋಡಿಸಿದವರು ಅವರೇ. ಆ ಮೋಟರ್ ಇಡೀ ದಿನ ಓಡಬೇಕಿಲ್ಲ. ಒಂದು ಕ್ಷಣ ಜೋರಾಗಿ ಎಳೆದರೆ ಸಾಕು. ಎಂಜಿನ್ ತಿರುಗಿಸಲೂ ಅಷ್ಟೇ ತಾನೇ ಬೇಕಾದದ್ದು!

ಮೋಟರನ್ನು ಅದರ ಶಕ್ತಿ ಮೀರಿ ದುಡಿಸಿದರೆ ಸುಟ್ಟುಹೋಗುತ್ತದೆ. ನಿಜ. ಆದರೆ ಸುಡಲು ಸಮಯ ಬೇಕಲ್ಲ? ಬಿಸಿಯೇರುವುದರೊಳಗೆ ಕೆಲಸ ಮುಗಿಸಿಬಿಟ್ಟರೆ? ಕೆಟರಿಂಗ್ ಅವರ ಇಡೀ ಜಾಣ್ಮೆ ಇದೊಂದೇ ಮಾತಿನಲ್ಲಿದೆ. ಅದಕ್ಕೇ ಇಷ್ಟು ಸಣ್ಣ ಮೋಟರ್ ಅಷ್ಟು ದೊಡ್ಡ ಎಂಜಿನ್ ಅಲುಗಿಸುತ್ತದೆ!

1912ರ ಮಾದರಿಯ ಕ್ಯಾಡಿಲ್ಯಾಕ್ ಕಾರುಗಳು ಸೆಲ್ಫ್ ಹೊತ್ತುಕೊಂಡೇ ಕಾರ್ಖಾನೆಯಿಂದ ಹೊರಬಂದವು. ಇನ್ನೂ ಮಜಾ ಕೇಳಿ. ಅವುಗಳಲ್ಲಿ ಎಂಜಿನ್ ತಿರುಗಿಸುತ್ತಿದ್ದ ಯಂತ್ರವೇ, ಎಂಜಿನ್ ಓಡತೊಡಗಿದ ಮೇಲೆ ಡೈನಮೋ ಆಗಿ ಬ್ಯಾಟರಿ ಚಾರ್ಜ್ ಮಾಡುತ್ತಿತ್ತು. ಒಂದೇ ಯಂತ್ರ, ಎರಡು ಕೆಲಸ!

ಇದರ ಹಿಂದೆ ಕಣ್ಣೀರಿನ ಕತೆಯೊಂದಿದೆ. ಕಾರು ತಯಾರಕ ಬೈರನ್ ಕಾರ್ಟರ್ ಯಾರದೋ ಕಾರಿನ ಹ್ಯಾಂಡಲ್ ತಿರುಗಿಸಲು ಹೋಗಿ ಏಟು ತಿಂದರು, ಅದರಿಂದಲೇ ಕಾಯಿಲೆ ಬಿದ್ದು ತೀರಿಕೊಂಡರು, ಆ ನೋವಿಗೇ ಕ್ಯಾಡಿಲ್ಯಾಕ್‌ನ ಹೆನ್ರಿ ಲೆಲ್ಯಾಂಡ್ ಸೆಲ್ಫ್ ಮಾಡಿಸಿದರು ಎನ್ನುತ್ತಾರೆ. ಕತೆಯಲ್ಲಿ ಮಸಾಲೆ ಎಷ್ಟಿದೆಯೋ, ಸೆಲ್ಫ್ ಮಾತ್ರ ನಿಜ!

ಜಗತ್ಪ್ರಸಿದ್ಧ ಫೋರ್ಡ್ ಮಾಡೆಲ್ ಟಿ 1908ರಲ್ಲಿ ಬಂತು. ಅದಕ್ಕೆ ಕಂಪನಿಯೇ ಸೆಲ್ಫ್ ಕೊಡತೊಡಗಿದ್ದು 1919ರಲ್ಲಿ. ಲಕ್ಷಗಟ್ಟಲೆ ಜನ ಅಲ್ಲಿಯವರೆಗೂ ಹ್ಯಾಂಡಲ್ ತಿರುಗಿಸುತ್ತಲೇ ಇದ್ದರು!

ಹ್ಯಾಂಡಲ್ ಅಷ್ಟಕ್ಕೇ ಸತ್ತಿತು ಎಂದುಕೊಳ್ಳಬೇಡಿ. ಫ್ರಾನ್ಸಿನ ಸಿಟ್ರೋಯೆನ್ 2ಸಿವಿ ಕಾರನ್ನು ಹ್ಯಾಂಡಲ್ ಹಾಕಿಯೂ ಸ್ಟಾರ್ಟ್ ಮಾಡಬಹುದಿತ್ತು. ರಷ್ಯಾದವರು ಇಟಲಿಯ ಫಿಯೆಟ್ 124 ಕಾರನ್ನು ತಮ್ಮ ಚಳಿಗೆ ತಕ್ಕಂತೆ ತಿದ್ದಿ ಲಾಡಾ ಮಾಡಿದಾಗ, ಅದಕ್ಕೊಂದು ಹ್ಯಾಂಡಲ್ ತೂತನ್ನೂ ಸೇರಿಸಿದರು!

ಕೀಲಿಯೇ ಬೇಕೆಂದಿಲ್ಲ!

ಸೆಲ್ಫ್ ಹೊಡೆಯಲು ಕೀಲಿ ತಿರುಗಿಸಬೇಕು. ಹೌದೇ? ಮೊದಮೊದಲ ಮಿನಿ ಕಾರುಗಳಲ್ಲಿ ನೆಲದ ಮೇಲೊಂದು ಗುಂಡಿ ಇತ್ತು. ಅದನ್ನು ಒತ್ತಬೇಕು! ಹಳೆಯ ಮಾರಿಸ್ ಮೈನರ್‌ನಲ್ಲಿ ಡ್ಯಾಶ್‌ಬೋರ್ಡಿನ ಗುಬುಟು ಎಳೆಯಬೇಕು. ಪುಟಾಣಿ ಫಿಯೆಟ್ 500ರಲ್ಲಿ ಎರಡು ಸೀಟುಗಳ ನಡುವಿನ ಸಣ್ಣ ಲಿವರ್ ಎತ್ತಬೇಕು!

ಅಮೆರಿಕದವರು ಇನ್ನೂ ಮುಂದೆ ಹೋದರು. ಹಳೆಯ ಬ್ಯೂಯಿಕ್‌ನಲ್ಲಿ ಆಕ್ಸಿಲರೇಟರ್ ತುಳಿದರೆ ಸೆಲ್ಫ್ ತಿರುಗುತ್ತಿತ್ತು. ಸ್ಟುಡಿಬೇಕರ್‌ನಲ್ಲಿ ಕ್ಲಚ್ಚನ್ನು ನೆಲಕ್ಕೆ ಒತ್ತಿದರೆ ತಿರುಗುತ್ತಿತ್ತು. ಆಟೊಮ್ಯಾಟಿಕ್ ನ್ಯಾಶ್‌ನಲ್ಲಿ ಗೇರ್ ಲಿವರನ್ನೇ ಎತ್ತಬೇಕು. ಇಂಥ ಕಾರಿನ ಸ್ಟಾರ್ಟರ್ ಬದಲಿಸುವವರು ಸ್ವಿಚ್ ಎಲ್ಲಿದೆ ಎಂದು ಮೊದಲು ಹುಡುಕಬೇಕು!

ಪೋರ್ಷೆ ಕಾರುಗಳ ಕೀಲಿ ಸ್ಟೀರಿಂಗಿನ ಎಡಗಡೆ ಏಕಿದೆ? ಲೆ ಮಾನ್ ರೇಸಿನಲ್ಲಿ ಚಾಲಕರು ರಸ್ತೆ ದಾಟಿ ಓಡಿಬಂದು ಕಾರು ಹತ್ತುತ್ತಿದ್ದರು. ಎಡಗೈ ಕೀಲಿ ತಿರುಗಿಸುವಾಗಲೇ ಬಲಗೈ ಗೇರ್ ಹಾಕಲಿ, ಒಂದು ಕ್ಷಣ ಉಳಿಯಲಿ ಎಂದು ಹೀಗೆ ಮಾಡಿದರಂತೆ. ಅಭಿಮಾನಿಗಳು ಇದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ!

ಈಗ ಕೇಳಿ ಅಸಲಿ ಚಮತ್ಕಾರ. ಜರ್ಮನಿಯ ಮೂರು ಚಕ್ರದ ಮೆಸ್ಸರ್‌ಸ್ಮಿಟ್ ಕೆಆರ್200 ಕಾರಿಗೆ ರಿವರ್ಸ್ ಗೇರೇ ಇರಲಿಲ್ಲ. ಹಿಂದೆ ಹೋಗಬೇಕೆಂದರೆ ಎಂಜಿನ್ ಆಫ್ ಮಾಡಿ, ಸೆಲ್ಫನ್ನೇ ಉಲ್ಟಾ ತಿರುಗಿಸಬೇಕು. ಟು-ಸ್ಟ್ರೋಕ್ ಎಂಜಿನ್ ಉಲ್ಟಾ ಓಡತೊಡಗುತ್ತಿತ್ತು. ಮುಂದಕ್ಕೆ ನಾಲ್ಕು ಗೇರ್, ಹಿಂದಕ್ಕೂ ನಾಲ್ಕು ಗೇರ್!

ಟ್ರ್ಯಾಕ್ಟರುಗಳ ಕತೆ ಬೇರೆಯೇ. ಜರ್ಮನಿಯ ಲಾಂಜ್ ಬುಲ್‌ಡಾಗ್‌ನಲ್ಲಿ ಸ್ಟೀರಿಂಗ್ ಚಕ್ರವನ್ನೇ ಕಿತ್ತು, ಪಕ್ಕದ ಫ್ಲೈವ್ಹೀಲ್ ಎಂಬ ಭಾರದ ಚಕ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಿದ್ದರು. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್‌ಗೆ ಬಂದೂಕಿನಂಥ ತೋಟಾ ತುರುಕಿ ಸುತ್ತಿಗೆಯಿಂದ ಒಂದೇಟು. ಢಂ! ಎಂಜಿನ್ ಶುರು!

ಮೈ ಸಣ್ಣದು, ಹಸಿವು ದೊಡ್ಡದು

ಸೆಲ್ಫ್ ಎಷ್ಟು ಕರೆಂಟು ಕುಡಿಯುತ್ತದೆ ಊಹಿಸಿ. ಸಾಧಾರಣ ಪೆಟ್ರೋಲ್ ಕಾರಿನಲ್ಲಿ 150ರಿಂದ 200 ಆಂಪಿಯರ್! ಮನೆಯ 9 ವಾಟಿನ ಎಲ್ಇಡಿ ಬಲ್ಬು ಎಳೆಯುವುದು 0.04 ಆಂಪಿಯರ್ ಮಾತ್ರ. ಅಂದರೆ 5000 ಬಲ್ಬುಗಳ ಕರೆಂಟು ಒಂದೇ ತಂತಿಯಲ್ಲಿ! ವೋಲ್ಟೇಜ್ ಕಡಿಮೆಯಾದ್ದರಿಂದ ಶಕ್ತಿಯ ಲೆಕ್ಕ ಸುಮಾರು 2000 ವಾಟ್ ಅಷ್ಟೇ. ಆದರೂ ಬೆರಳು ಗಾತ್ರದ ಕೇಬಲ್ ಯಾಕೆಂದು ಈಗ ತಿಳಿಯಿತಲ್ಲ?

ಮೋಟರ್ ಜೋರಾಗಿ ತಿರುಗುವಾಗ ಹೆಚ್ಚು ಕರೆಂಟು ಎಳೆಯುತ್ತದೆ ಎಂದುಕೊಂಡಿರಾ? ಉಲ್ಟಾ! ನಿಂತಿರುವಾಗಲೇ ಅತಿ ಹೆಚ್ಚು. ತಿರುಗತೊಡಗಿದಂತೆ ಕಡಿಮೆ. ಎಳೆಯುವ ಬಲವೂ ಹಾಗೆಯೇ, ನಿಂತ ಕ್ಷಣದಲ್ಲೇ ಗರಿಷ್ಠ. ಎಂಜಿನ್ನಿಗೆ ಬಲ ಬೇಕಾದದ್ದೂ ಆ ಕ್ಷಣದಲ್ಲೇ!

ಇನ್ನೊಂದು ವಿಚಿತ್ರ. ಹಳೆಯ ಸೆಲ್ಫ್‌ಗೆ ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿ ಕೊಡಿ. ಉಲ್ಟಾ ತಿರುಗುತ್ತದೆಯೇ? ಇಲ್ಲ! ಅದೇ ದಿಕ್ಕಿಗೆ ತಿರುಗುತ್ತದೆ. ಒಳಗಿನ ಎರಡೂ ಸುರುಳಿಗಳ ಕಾಂತಧ್ರುವಗಳು ಒಟ್ಟಿಗೇ ಬದಲಾಗುವುದರಿಂದ ಲೆಕ್ಕ ಸರಿಹೋಗುತ್ತದೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ!

ಸ್ಟಾರ್ಟರಿನ ತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಗೇರ್. ಎಂಜಿನ್ನಿನ ಫ್ಲೈವ್ಹೀಲ್ ಸುತ್ತ ರಿಂಗ್ ಗೇರ್ ಎಂಬ ದೊಡ್ಡ ಬಳೆ. ಪಿನಿಯನ್ನಿಗೆ 10 ಹಲ್ಲು, ರಿಂಗಿಗೆ 120 ಹಲ್ಲು ಎಂದಿಟ್ಟುಕೊಳ್ಳಿ. ಸೆಲ್ಫ್ 12 ಸುತ್ತು ಹಾಕಿದರೆ ಎಂಜಿನ್ ಒಂದೇ ಸುತ್ತು. ಪುಟ್ಟದು ದೊಡ್ಡದನ್ನು ಎಳೆಯುವ ಗುಟ್ಟು ಇಷ್ಟೇ!

ಈಗ ಇದನ್ನೇ ತಿರುವಿ ಹಾಕಿ. ಎಂಜಿನ್ ಶುರುವಾದ ಮೇಲೂ ಪಿನಿಯನ್ ಕಚ್ಚಿಕೊಂಡೇ ಇದ್ದರೆ? ಎಂಜಿನ್ ನಿಮಿಷಕ್ಕೆ 3000 ಸುತ್ತು ಹಾಕಿದರೆ ಸೆಲ್ಫ್ 36,000 ಸುತ್ತು! ಒಳಗಿನ ತಾಮ್ರದ ಸುರುಳಿಗಳು ಕಿತ್ತು ಚೆಲ್ಲಾಪಿಲ್ಲಿ. ಹಾಗಾಗದಿರಲೆಂದೇ ಹೊಸ ಬಗೆಯವುಗಳಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಪುಟ್ಟ ಕ್ಲಚ್ ಇರುತ್ತದೆ!

ಹಳೆಯ ಬಗೆಯಲ್ಲಿ ಅಂಥ ಕ್ಲಚ್ ಇಲ್ಲ. ಅಲ್ಲಿರುವುದು ಬೆಂಡಿಕ್ಸ್. ಸ್ಕ್ರೂ ಕೊರೆದ ದಂಡದ ಮೇಲೆ ಪಿನಿಯನ್ ಸಡಿಲವಾಗಿ ಕೂತಿರುತ್ತದೆ. ದಂಡ ತಟ್ಟನೆ ತಿರುಗಿದಾಗ, ಬೋಲ್ಟಿನ ಮೇಲಿನ ನಟ್ಟಿನಂತೆ ಪಿನಿಯನ್ ಸರ್ರನೆ ಜರುಗಿ ರಿಂಗ್ ಗೇರನ್ನು ಕಚ್ಚುತ್ತದೆ. ಎಂಜಿನ್ ಶುರುವಾದ ಕೂಡಲೇ ಅದೇ ಸ್ಕ್ರೂ ಅದನ್ನು ಹಿಂದಕ್ಕೆ ಎಸೆಯುತ್ತದೆ. ಸ್ವಿಚ್ಚಿಲ್ಲ, ಲಿವರಿಲ್ಲ, ಬರೀ ಜಡತ್ವದ ಆಟ!

ಅದನ್ನು ರೂಪಿಸಿದ ಅಮೆರಿಕದ ವಿನ್ಸೆಂಟ್ ಬೆಂಡಿಕ್ಸ್ ನೆಲದಲ್ಲೇ ನಿಲ್ಲಲಿಲ್ಲ. ವಿಮಾನಗಳ ಬಿಡಿಭಾಗಗಳಿಗೂ ಕೈಹಾಕಿದರು. 1931ರಲ್ಲಿ ಅಮೆರಿಕದ ಉದ್ದಗಲ ಹಾರುವ ವಿಮಾನ ರೇಸಿಗೆ ಬಹುಮಾನ ಇಟ್ಟವರೂ ಅವರೇ. ನಮ್ಮ ಮೆಕ್ಯಾನಿಕ್‌ಗಳು ‘ಬೆಂಡಿಕ್ಸ್ ಹೋಗಿದೆ’ ಎನ್ನುವಾಗ ಅವರ ಹೆಸರನ್ನೇ ಹೇಳುತ್ತಿದ್ದಾರೆ!

ಹಲ್ಲು ಎಣಿಸದೆ ಕಾಸು ಬಿಚ್ಚಬೇಡಿ

ಅಂಗಡಿಯಲ್ಲಿ ಎರಡು ಸೆಲ್ಫ್ ಅಕ್ಕಪಕ್ಕ ಇಟ್ಟರೆ ಅವಳಿಜವಳಿ ಅನ್ನಿಸಬಹುದು. ಆದರೆ ಕಾರಿನಲ್ಲಿ ಒಂದು ಹೊಂದುತ್ತದೆ, ಇನ್ನೊಂದು ಕರ್ರ್ ಎಂದು ಹಲ್ಲು ಕಡಿಯುತ್ತದೆ. ಕಾರಿನ ಮಾದರಿ ಹೇಳಿದರೆ ಸಾಲದು, ರಿಂಗ್ ಗೇರಿನ ಹಲ್ಲು ಎಣಿಸಿರಬೇಕು!

ಮಿನಿ ಕಾರು ನೋಡಿ. ಬೆಂಡಿಕ್ಸ್ ಬಗೆಯ ಹಳೆಯ ಸ್ಟಾರ್ಟರ್ ಇರುವ ಮಿನಿಯ ರಿಂಗಿಗೆ 107 ಹಲ್ಲು. ಆಮೇಲೆ ಬಂದ, ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತದ ಸ್ವಿಚ್ಚು ಪಿನಿಯನ್ನನ್ನು ಮೊದಲೇ ತಳ್ಳುವ ಬಗೆಗೆ 129 ಹಲ್ಲು. ಹೊರಗಿನಿಂದ ನೋಡಿದರೆ ಅದೇ ಮಿನಿ, ಒಳಗೆ 22 ಹಲ್ಲು ಹೆಚ್ಚು!

ಫೋಕ್ಸ್‌ವ್ಯಾಗನ್ ಬೀಟಲ್‌ನದೂ ಇದೇ ಪಾಡು. 6 ವೋಲ್ಟಿನ ಕಾಲದಲ್ಲಿ 109 ಹಲ್ಲು. 1960ರ ದಶಕದ ಉತ್ತರಾರ್ಧದಲ್ಲಿ 12 ವೋಲ್ಟ್ ಬಂದಾಗ 130 ಹಲ್ಲು. ಹೊಸ ಫ್ಲೈವ್ಹೀಲ್ ಎಷ್ಟು ದೊಡ್ಡದೆಂದರೆ ಹಳೆಯ ಗೇರ್‌ಬಾಕ್ಸಿನ ಒಳಗೆ ಹಿಡಿಸುವುದೇ ಇಲ್ಲ. ಒಳಗೋಡೆ ಉಜ್ಜಿ ಜಾಗ ಮಾಡಬೇಕು!

ಅಮೆರಿಕದ ಷೆವ್ರೊಲೆ ವಿ8 ಎಂಜಿನ್ನಿಗೆ ಎರಡು ಬಗೆಯ ಫ್ಲೈವ್ಹೀಲ್. ಒಂದಕ್ಕೆ 153 ಹಲ್ಲು, ಇನ್ನೊಂದಕ್ಕೆ 168. ಸ್ಟಾರ್ಟರ್ ಬೋಲ್ಟುಗಳ ತೂತು ನೇರವಾಗಿದ್ದರೆ ಸಾಮಾನ್ಯವಾಗಿ ಮೊದಲನೆಯದಕ್ಕೆ, ಓರೆಯಾಗಿದ್ದರೆ ಎರಡನೆಯದಕ್ಕೆ. ತೂತು ನೋಡಿಯೇ ಹಲ್ಲಿನ ಲೆಕ್ಕ ಹೇಳಬಹುದು!

ಎಂಜಿಬಿ ಎಂಬ ಚೆಂದದ ಬ್ರಿಟಿಷ್ ಸ್ಪೋರ್ಟ್ಸ್ ಕಾರು 1962ರಲ್ಲಿ ಬಂತು. ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಮೈಗೆ ಜೋಡಿಸಿದ್ದರು. 1967ರ ಕೊನೆಗೆ ಎರಡನೇ ಆವೃತ್ತಿ ಬಂದಾಗ ಮೈಗೆ ಮೈನಸ್ ಬಂತು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಬೆಂಡಿಕ್ಸ್ ಹೋಗಿ ಸೊಲೆನಾಯ್ಡ್ ತಳ್ಳುವ ಸ್ಟಾರ್ಟರ್ ಬಂತು. ಬ್ಯಾಡ್ಜ್ ಮಾತ್ರ ಅದೇ!

ಅಂದಹಾಗೆ, ನಮ್ಮ ಅಂಬಾಸಿಡರಿಗೂ ಎಂಜಿಬಿಗೂ ನಂಟಿದೆ. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್, ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸರಣಿಯ ಕುಡಿಗಳು. ಟ್ಯಾಕ್ಸಿ ಸ್ಟ್ಯಾಂಡಿನ ಅಂಬಿಯೂ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರೂ ದಾಯಾದಿಗಳು! ಹಾಗೆಂದು ಒಂದರ ಸೆಲ್ಫ್ ಇನ್ನೊಂದಕ್ಕೆ ಹಾಕಲು ಹೋಗಬೇಡಿ, ಹಲ್ಲು ಎಣಿಸಿ!

ಹಳೆಯದಕ್ಕೆ ಬದಲಾಗಿ ಗೇರ್ ರಿಡಕ್ಷನ್ ಸೆಲ್ಫ್ ಹಾಕಿಸಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಒಳಗೆ ಸಣ್ಣ ಮೋಟರ್ ಜೋರಾಗಿ ತಿರುಗುತ್ತದೆ, ಗೇರುಗಳು ವೇಗ ಇಳಿಸಿ ಬಲ ಏರಿಸುತ್ತವೆ. ತೂಕ ಎಷ್ಟೋ ಕಡಿಮೆ. ಇದೇನು ಹೊಸ ಆವಿಷ್ಕಾರವೇ? ಅಲ್ಲವೇ ಅಲ್ಲ! ಕ್ರೈಸ್ಲರ್ ಕಂಪನಿ 1962ರಲ್ಲೇ ಇದನ್ನು ಕಾರುಗಳಿಗೆ ಹಾಕಿತ್ತು.

ಆ ಕ್ರೈಸ್ಲರ್ ಸ್ಟಾರ್ಟರಿನ ಕೀರಲು ದನಿ ಎಷ್ಟು ಪ್ರಸಿದ್ಧವೆಂದರೆ, ಕಾರುಪ್ರಿಯರು ಅದಕ್ಕೆ ‘ಹೈಲ್ಯಾಂಡ್ ಪಾರ್ಕ್ ಹಮಿಂಗ್‌ಬರ್ಡ್’ ಎಂದು ಹೆಸರಿಟ್ಟರು. ಆಗ ಕಂಪನಿಯ ಊರು ಹೈಲ್ಯಾಂಡ್ ಪಾರ್ಕ್ ಆಗಿತ್ತು. ಕಣ್ಣು ಮುಚ್ಚಿ ಕೇಳಿದರೂ ಇದು ಕ್ರೈಸ್ಲರ್ ಎಂದು ಗೊತ್ತಾಗುತ್ತಿತ್ತು!

ಮುಂಚೆ ನೆನಪಿಡಿ ಎಂದಿದ್ದೆನಲ್ಲ, ಅದು ಈಗ ಬಂತು. ಹೊಸ ಸೆಲ್ಫ್‌ಗಳಲ್ಲಿ ಕೆಲವಕ್ಕೆ ಸುರುಳಿಯ ಬದಲು ಶಾಶ್ವತ ಆಯಸ್ಕಾಂತ ಇರುತ್ತದೆ. ಅಂಥದ್ದನ್ನು ಮೈಗೆ ಪ್ಲಸ್ ಜೋಡಿಸಿದ ಹಳೆಯ ಬ್ರಿಟಿಷ್ ಕಾರಿಗೆ ಕೂರಿಸಿದರೆ ಅದು ಉಲ್ಟಾ ತಿರುಗುತ್ತದೆ! ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ: ಒಳಗಿರುವುದು ಸುರುಳಿಯೋ, ಆಯಸ್ಕಾಂತವೋ?

ಕೆಲವು ಕಾರುಗಳ ಸೊಲೆನಾಯ್ಡಿನಲ್ಲಿ ಒಂದು ಸಣ್ಣ ತಂತಿ ಹೆಚ್ಚಿಗೆ ಇರುತ್ತದೆ. ಸೆಲ್ಫ್ ತಿರುಗುವಾಗ ಮಾತ್ರ ಇಗ್ನಿಷನ್ ಕಾಯಿಲಿಗೆ ಪೂರ್ತಿ ವೋಲ್ಟೇಜ್ ಕೊಡುವುದು ಅದರ ಕೆಲಸ. ಆ ತುದಿಯಿಲ್ಲದ ಸೆಲ್ಫ್ ತಂದರೆ ಏನಾಗುತ್ತದೆ? ಕೀಲಿ ಹಿಡಿದಷ್ಟು ಹೊತ್ತು ಎಂಜಿನ್ ಸುಮ್ಮನೆ ತಿರುಗುತ್ತದೆ. ಕೀಲಿ ಬಿಟ್ಟ ಕ್ಷಣ ಕೆಮ್ಮಿ ಶುರುವಾಗುತ್ತದೆ!

6 ವೋಲ್ಟಿನ ಕಾರನ್ನು 12 ವೋಲ್ಟಿಗೆ ಬದಲಿಸಿದವರಲ್ಲಿ ಅನೇಕರು ಹಳೆಯ ಸೆಲ್ಫನ್ನೇ ಬಿಟ್ಟುಕೊಂಡಿದ್ದಾರೆ. ಎರಡು ಪಟ್ಟು ವೋಲ್ಟೇಜ್ ಕೊಟ್ಟರೂ ಅದು ಸುಡುವುದಿಲ್ಲ, ಇನ್ನೂ ಹುರುಪಿನಿಂದ ತಿರುಗುತ್ತದೆ! ಎರಡು ಸೆಕೆಂಡಿನ ಕೆಲಸವಲ್ಲವೇ? ಆದರೆ ಪಿನಿಯನ್ ಹೊಡೆಯುವ ಏಟು ಜೋರಾಗುವುದರಿಂದ ಹಲ್ಲುಗಳಿಗೆ ಸವೆತ ಹೆಚ್ಚು.

6 ವೋಲ್ಟನ್ನೇ ಉಳಿಸಿಕೊಂಡವರು ಕೇಬಲ್ ನೋಡಿಕೊಳ್ಳಬೇಕು. ಅರ್ಧ ವೋಲ್ಟೇಜ್ ಎಂದರೆ ಅಷ್ಟೇ ಕೆಲಸಕ್ಕೆ ಎರಡರಷ್ಟು ಕರೆಂಟು. 12 ವೋಲ್ಟಿನ ತೆಳು ಕೇಬಲ್ ಹಾಕಿದರೆ ಹೊಚ್ಚಹೊಸ ಸೆಲ್ಫ್ ಕೂಡ ತೂಕಡಿಸುತ್ತದೆ!

ನಿಜವಾಗಿ ಕೆಟ್ಟದ್ದು ಅದೇನಾ?

ಬಿಚ್ಚುವ ಮುನ್ನ ಒಂದು ಪುಕ್ಕಟೆ ಪರೀಕ್ಷೆ. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ದೀಪ ಮಂಕಾಗದೆ ಹಾಗೆಯೇ ಉರಿದರೆ ಕರೆಂಟು ಮೋಟರಿಗೆ ಹೋಗಿಯೇ ಇಲ್ಲ. ದೀಪ ಪೂರ್ತಿ ಕುಸಿದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಮೋಟರ್ ಕಚ್ಚಿಕೊಂಡಿದೆ. ಮೀಟರೂ ಬೇಡ, ಮೆಕ್ಯಾನಿಕ್ಕೂ ಬೇಡ!

ಎಂಜಿನ್ ರಬ್ಬರಿನ ಮೇಲೆ ಕೂತಿದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿಂದ ಕಾರಿನ ಮೈಗೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಅದು ತುಂಡಾದರೆ? 200 ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಸಿಗುವುದು ಚೋಕ್ ಕೇಬಲ್! ಅದು ಕೆಂಪಗೆ ಕಾದು ಹೊಗೆಯಾಡಿದ ಕಾರುಗಳೆಷ್ಟೋ. ಚೋಕ್ ಸುಟ್ಟಿತೆಂದು ಚೋಕ್ ಬದಲಿಸಿದರೆ ಹೊಸದೂ ಸುಡುತ್ತದೆ!

ಬೆಳಿಗ್ಗೆ ಚೆನ್ನಾಗಿ ಶುರುವಾಗುವ ಕಾರು ಪೆಟ್ರೋಲ್ ಬಂಕಿನಲ್ಲಿ ಮುಷ್ಕರ ಹೂಡುತ್ತದೆಯೇ? ತಾಮ್ರದ ಸ್ವಭಾವ ನೋಡಿ. ಒಂದು ಡಿಗ್ರಿ ಬಿಸಿಯೇರಿದರೆ ಅದರ ತಡೆ ಶೇ 0.4ರಷ್ಟು ಏರುತ್ತದೆ. ಸೈಲೆನ್ಸರ್ ಕೊಳವೆಯ ಪಕ್ಕ ಕೂತು 100 ಡಿಗ್ರಿ ಹೆಚ್ಚು ಕಾದರೆ ಸುಮಾರು ಶೇ 40! ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ತಿರುಗುತ್ತದೆ.

ಸುತ್ತಿಗೆಯಿಂದ ಸೆಲ್ಫ್‌ಗೆ ಒಂದೇಟು ಕೊಟ್ಟರೆ ಕಾರು ಶುರುವಾಗುವುದನ್ನು ನೋಡಿದ್ದೀರಾ? ಮಂತ್ರವಲ್ಲ. ಮೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಸಿಕ್ಕಿಹಾಕಿಕೊಂಡಿರುತ್ತದೆ, ಏಟಿಗೆ ಜಾರಿ ಜಾಗಕ್ಕೆ ಬರುತ್ತದೆ. ಆದರೆ ಆಯಸ್ಕಾಂತದ ಹೊಸ ಸೆಲ್ಫ್‌ಗೆ ಹೀಗೆ ಮಾಡಿದರೆ ಆಯಸ್ಕಾಂತವೇ ಬಿರುಕು ಬಿಟ್ಟೀತು. ಹಳಬರ ಔಷಧ ಹೊಸಬರಿಗೆ ವಿಷ!

ಬ್ರಿಟನ್ನಿನ ಲ್ಯೂಕಾಸ್ ಕಂಪನಿಯ ಹಳೆಯ ಸ್ಟಾರ್ಟರಿನ ಹಿಂಬದಿಯ ಮುಚ್ಚಳ ತೆಗೆದರೆ ಚೌಕಾಕಾರದ ತುದಿ ಕಾಣುತ್ತದೆ. ಇದು ಯಾಕೆ ಗೊತ್ತೇ? ಪಿನಿಯನ್ ರಿಂಗಿಗೆ ಕಚ್ಚಿಕೊಂಡು ಬಿಡಲೊಲ್ಲೆ ಎಂದರೆ, ಇದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿ ಬಿಡಿಸಲು! ಸ್ಪ್ಯಾನರ್ ಇಲ್ಲದವರು ಕಾರನ್ನು ಗೇರಿನಲ್ಲಿಟ್ಟು ಹಿಂದೆ ಮುಂದೆ ತೂಗಿ ಬಿಡಿಸುತ್ತಿದ್ದರು.

ಹಳೆಯ ಬ್ರಿಟಿಷ್ ಕಾರುಗಳ ಬಾನೆಟ್ ಎತ್ತಿ ಸೊಲೆನಾಯ್ಡ್ ನೋಡಿ. ಕೆಲವಕ್ಕೆ ರಬ್ಬರಿನ ಗುಂಡಿ ಇರುತ್ತದೆ. ಅದನ್ನು ಬೆರಳಿನಿಂದ ಒತ್ತಿದರೆ ಸೆಲ್ಫ್ ತಿರುಗುತ್ತದೆ! ಕಾರಿನೊಳಗೆ ಹೋಗುವ ಅಗತ್ಯವೇ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಮಾತ್ರ ಎರಡು ಸಲ ನೋಡಿ. ಇಲ್ಲದಿದ್ದರೆ ಕಾರು ನಿಮ್ಮ ಮೇಲೇ ಬರುತ್ತದೆ!

ಹೌದು, ಗೇರಿನಲ್ಲಿದ್ದಾಗ ಸೆಲ್ಫ್ ಹೊಡೆದರೆ ಅದು ಇಡೀ ಕಾರನ್ನೇ ಎಳೆಯಬಲ್ಲದು. ರೈಲ್ವೆ ಗೇಟಿನ ಹಳಿಗಳ ಮೇಲೆ ಎಂಜಿನ್ ನಿಂತುಹೋದರೆ, ಮೊದಲ ಗೇರಿಗೆ ಹಾಕಿ ಸೆಲ್ಫ್‌ನಿಂದಲೇ ಆಚೆ ದಾಟಿಸಿ ಎಂಬುದು ಹಳೆಯ ಚಾಲಕರ ಉಪದೇಶ!

ಸೆಲ್ಫ್ ಗಿರ್ರ್ ಎಂದು ತಿರುಗುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ಕಾರನ್ನು ಗೇರಿನಲ್ಲಿಟ್ಟು ಒಂದಿಷ್ಟು ತಳ್ಳಿದರೆ ಸರಿಹೋಗುತ್ತದೆ. ಏನಿದು? ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಹೆಚ್ಚುಕಡಿಮೆ ಅದೇ ಎರಡು ಜಾಗಗಳಲ್ಲಿ ನಿಲ್ಲುತ್ತದೆ. ಪಿನಿಯನ್ ಪ್ರತಿಸಲ ಅಲ್ಲೇ ಕಚ್ಚಿ ಕಚ್ಚಿ, ರಿಂಗಿನ ಹಲ್ಲು ಆ ಎರಡು ಕಡೆ ಮಾತ್ರ ಸವೆಯುತ್ತದೆ. ಆರು ಸಿಲಿಂಡರಾದರೆ ಮೂರು ಕಡೆ!

ಆ ರಿಂಗನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆಯೇ? ಎಷ್ಟೋ ಕಾರುಗಳಲ್ಲಿ ಒಂದೂ ಬೋಲ್ಟಿಲ್ಲ! ಕಾಯಿಸಿದಾಗ ಉಕ್ಕು ಹಿಗ್ಗುತ್ತದೆ. ಫ್ಲೈವ್ಹೀಲಿಗೆ ತೊಡಿಸಿ ಬಿಟ್ಟರೆ ತಣಿಯುತ್ತಾ ಬಿಗಿದುಕೊಳ್ಳುತ್ತದೆ. ಮುಂದೆ ಲಕ್ಷ ಸಲ ಸೆಲ್ಫ್ ಹೊಡೆದರೂ ಜಾರುವುದಿಲ್ಲ!

ಕೂರಿಸುವಾಗಿನ ಕರಾಮತ್ತು

ಮೊದಲು ಬ್ಯಾಟರಿ ತಂತಿ ಬಿಚ್ಚಿ. ಕಾರಿನ ಮೈಗೆ ಜೋಡಿಸಿದ ತುದಿಯನ್ನೇ ಮೊದಲು. ಸೆಲ್ಫ್‌ನ ಕೇಬಲ್ಲಿಗೆ ಫ್ಯೂಸೇ ಇರುವುದಿಲ್ಲ! ಸ್ಪ್ಯಾನರ್ ಅಪ್ಪಿತಪ್ಪಿ ಎರಡೂ ಕಡೆ ತಾಗಿದರೆ ವೆಲ್ಡಿಂಗೇ ಆಗಿಬಿಡುತ್ತದೆ. ಬೆರಳಿನ ಉಂಗುರ, ಕೈಗಡಿಯಾರ ತೆಗೆದಿಡಿ.

ಆದರೆ ಬ್ಯಾಟರಿ ಎಲ್ಲಿದೆ? ಮಿನಿಯಲ್ಲಿ ಡಿಕ್ಕಿಯಲ್ಲಿ! 1974ರವರೆಗಿನ ಎಂಜಿಬಿಯಲ್ಲಿ ಸೀಟುಗಳ ಹಿಂದೆ, ಅದೂ ಒಂದಲ್ಲ, 6 ವೋಲ್ಟಿನ ಎರಡು ಬ್ಯಾಟರಿ! ಎಂಜಿನ್ ಮುಂದೆ, ಬ್ಯಾಟರಿ ಹಿಂದೆ. ನಡುವೆ ಕಾರಿನ ಹೊಟ್ಟೆಯಡಿ ಹಾದುಹೋಗುವ ಮಾರುದ್ದದ ಕೇಬಲ್.

ಬಣ್ಣ ಹೊಡೆದು ಮಿರಮಿರ ಮಿಂಚುವ ರಿಪೇರಿ ಸೆಲ್ಫ್ ಕೂರಿಸಿದಿರಿ. ತಿರುಗಲಿಲ್ಲ! ತಪ್ಪು ಬಣ್ಣದ್ದೇ ಇರಬಹುದು. ಸಾಮಾನ್ಯವಾಗಿ ಮೋಟರಿನ ಮೈಯೇ ಅದರ ಅರ್ತ್. ಎಂಜಿನ್ನಿಗೆ ತಾಗುವ ಮುಖದ ಬಣ್ಣ ಕೆರೆದು ಬರೀ ಲೋಹ ಕಾಣಿಸಿದರೆ ಸರಿ. ಸೌಂದರ್ಯವೇ ಶತ್ರು!

ಷೆವ್ರೊಲೆ ಎಂಜಿನ್ನಿಗೆ ಸ್ಟಾರ್ಟರ್ ಕೂರಿಸುವವರ ಪೆಟ್ಟಿಗೆಯಲ್ಲಿ ಪೇಪರ್ ಕ್ಲಿಪ್ ಇರುತ್ತದೆ! ಪಿನಿಯನ್ನಿಗೂ ರಿಂಗಿಗೂ ನಡುವಿನ ಸಂದು ಅಳೆಯಲು. ಕ್ಲಿಪ್ಪಿನ ತಂತಿ ಸಂದಿನಲ್ಲಿ ಹಿತವಾಗಿ ತೂರಿದರೆ ಸರಿ. ಇಲ್ಲವಾದರೆ ಸ್ಟಾರ್ಟರಿನ ಕೆಳಗೆ ತೆಳು ತಗಡಿನ ಬಿಲ್ಲೆ ಹಾಕಿ ಸರಿಪಡಿಸಬೇಕು. ಅದರ ಬೋಲ್ಟುಗಳೂ ಮಾಮೂಲಿಯಲ್ಲ. ಕತ್ತಿನಲ್ಲಿ ಗೆರೆ ಕೊರೆದ ವಿಶೇಷ ಬೋಲ್ಟ್!

ಬೀಟಲ್‌ನಲ್ಲಿ ಇನ್ನೊಂದು ಕಣ್ಣಾಮುಚ್ಚಾಲೆ. ಸೆಲ್ಫ್ ದಂಡದ ತುದಿಯನ್ನು ಹಿಡಿಯುವ ಬುಶ್ ಸೆಲ್ಫ್‌ನಲ್ಲಿಲ್ಲ, ಗೇರ್‌ಬಾಕ್ಸಿನಲ್ಲಿದೆ! ಹೊಸ ಸೆಲ್ಫ್ ಹಾಕಿದರೂ ಹಳೆಯ ಸವೆದ ಬುಶ್ ಅಲ್ಲೇ ಕೂತಿರುತ್ತದೆ. ಎಷ್ಟೋ ಜನ ಅದನ್ನು ಮರೆತು, ಹೊಸ ಸೆಲ್ಫನ್ನು ಬೈಯುತ್ತಾರೆ!

ಈ ಬುಶ್ ಕಂಚಿನದು, ಆದರೆ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಕೂರಿಸುವ ಮುನ್ನ 24 ಗಂಟೆ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಿ ಎನ್ನುತ್ತವೆ ಹಳೆಯ ಕೈಪಿಡಿಗಳು. ಲೋಹ ಎಣ್ಣೆ ಕುಡಿಯುತ್ತದೆ! ಆಮೇಲೆ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ.

ಬುಶ್‌ಗೆ ಎಣ್ಣೆ ಬೇಕೇಬೇಕು. ಹಳೆಯ ಬಗೆಯ ಸೆಲ್ಫಿನ ಬೆಂಡಿಕ್ಸ್ ಸ್ಕ್ರೂಗೆ? ಹನಿ ಎಣ್ಣೆಯೂ ಕೂಡದು! ಎಣ್ಣೆಗೆ ಕ್ಲಚ್ಚಿನ ಧೂಳು ಅಂಟಿ ಪಿನಿಯನ್ ಸಿಕ್ಕಿಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸಾಕು.

ಲ್ಯೂಕಾಸ್ ಡೈನಮೋ ರಿಪೇರಿ ಮಾಡುವವರು, ಬ್ರಷ್ ಉಜ್ಜುವ ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಕೊರೆದು ತಗ್ಗು ಮಾಡುತ್ತಾರೆ. ಲ್ಯೂಕಾಸ್ ಸ್ಟಾರ್ಟರಿಗೆ ಅದೇ ಕೆಲಸ ಮಾಡಲೇಬಾರದು ಎಂದು ಕೈಪಿಡಿಯೇ ಎಚ್ಚರಿಸುತ್ತದೆ. ಒಂದೇ ಕಂಪನಿ, ಒಂದೇ ಕಾರು, ತದ್ವಿರುದ್ಧ ನಿಯಮ!

ಕೂರಿಸುವ ಮುನ್ನ ನೆಲದ ಮೇಲಿಟ್ಟು ಪರೀಕ್ಷೆ ಮಾಡುವಿರಾ? ಮೊದಲು ವೈಸಿನಲ್ಲಿ ಬಿಗಿಯಿರಿ. ಇಲ್ಲದಿದ್ದರೆ ಕರೆಂಟು ಕೊಟ್ಟ ಕ್ಷಣ ಅದು ಎಗರಿ ಬೀಳುತ್ತದೆ! ಕ್ಷಣಕಾಲ ತಿರುಗಿಸಿ ಬಿಟ್ಟುಬಿಡಿ. ಹೊರೆಯಿಲ್ಲದೆ ಬಿಟ್ಟರೆ ಈ ಬಗೆಯ ಮೋಟರ್ ವೇಗ ಏರಿಸುತ್ತಲೇ ಹೋಗಿ ತನ್ನನ್ನು ತಾನೇ ಹಾಳುಮಾಡಿಕೊಳ್ಳಬಲ್ಲದು.

ಮೋಟರಿನ ಹೆಗಲೇರಿದ ಸೊಲೆನಾಯ್ಡ್ ಒಳಗೆ ಒಂದಲ್ಲ, ಎರಡು ಸುರುಳಿ. ಒಂದು ಪಿನಿಯನ್ನನ್ನು ತಳ್ಳಲು, ಇನ್ನೊಂದು ಹಿಡಿದಿಡಲು. ತಳ್ಳುವ ಸುರುಳಿಯ ಕರೆಂಟು ಮೋಟರಿನ ಮೂಲಕವೇ ಅರ್ತ್ ಸೇರುತ್ತದೆ. ಮೋಟರಿಗೆ ಪೂರ್ತಿ ಕರೆಂಟು ಬಂದ ಕೂಡಲೇ ಆ ಸುರುಳಿಯ ಎರಡೂ ತುದಿ ಸಮವಾಗಿ, ತಾನಾಗಿಯೇ ಆರಿಹೋಗುತ್ತದೆ. ಯಾರೂ ಆಫ್ ಮಾಡಬೇಕಿಲ್ಲ!

ಕೈ ಹೋಗದ ಜಾಗದಲ್ಲಿ ಸೆಲ್ಫ್ ಇದೆಯೆಂದು ಗೊಣಗುತ್ತೀರಾ? ಸೆಲ್ಫ್ ತಂದ ಅದೇ ಕ್ಯಾಡಿಲ್ಯಾಕ್, 1990ರ ದಶಕದ ತನ್ನ ನಾರ್ತ್‌ಸ್ಟಾರ್ ವಿ8 ಎಂಜಿನ್ನಿನಲ್ಲಿ ಅದನ್ನು ಎಲ್ಲಿಟ್ಟಿತು ಗೊತ್ತೇ? ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ! ಸೆಲ್ಫ್ ಕಾಣಬೇಕೆಂದರೆ ಎಂಜಿನ್ನಿಗೆ ಗಾಳಿ ಒಯ್ಯುವ ಆ ಭಾಗವನ್ನೇ ಮೊದಲು ಬಿಚ್ಚಬೇಕು!

ಅಂದಹಾಗೆ, ಸೆಲ್ಫ್ ಏನೂ ಪರದೇಶದ ಸರಕಲ್ಲ. ಲ್ಯೂಕಾಸ್ ಕಂಪನಿ ಟಿವಿಎಸ್ ಜೊತೆ ಕೈಜೋಡಿಸಿ 1961ರಲ್ಲೇ ಚೆನ್ನೈನ ಪಾಡಿಯಲ್ಲಿ ನೆಲೆಯೂರಿತು. ನಮ್ಮ ಬೆಂಗಳೂರಿನ ನಾಗನಾಥಪುರದ ಬಾಷ್ ಕಾರ್ಖಾನೆಯಲ್ಲೂ ಸ್ಟಾರ್ಟರುಗಳು ತಯಾರಾದವು. ಹಳೆಯ ಬಿಡಿಭಾಗ ಬೇಕೆಂದರೆ ಜೆ.ಸಿ. ರಸ್ತೆಯ ಸಾಲು ಅಂಗಡಿಗಳಂತೂ ಇದ್ದೇ ಇವೆ. ಹೋಗುವಾಗ ಹಳೆಯ ಸೆಲ್ಫನ್ನು ಕೈಯಲ್ಲೇ ಹಿಡಿದು ಹೋಗಿ, ಹಲ್ಲಿನ ಲೆಕ್ಕವನ್ನು ಜೇಬಿನಲ್ಲಿಟ್ಟುಕೊಳ್ಳಿ!

ಹೊಸ ಸೆಲ್ಫ್ ಕೂತಿತು, ಕಾರು ಶುರುವಾಯಿತು. ಇನ್ನು ಅದನ್ನು ಕಾಪಾಡುವುದು ಹೇಗೆ? ಒಂದೇ ನಿಯಮ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಆಮೇಲೆ ಅರ್ಧ ನಿಮಿಷವಾದರೂ ಉಸಿರಾಡಲು ಬಿಡಿ. ಕೆಟರಿಂಗ್ ಗಲ್ಲಾಪೆಟ್ಟಿಗೆಯಲ್ಲಿ ಕಂಡುಕೊಂಡದ್ದೂ ಇದೇ ಅಲ್ಲವೇ, ಸ್ವಲ್ಪ ಹೊತ್ತು ಮಾತ್ರ!

ಕೊನೆಗೊಂದು ಲೆಕ್ಕ. ದಿನಕ್ಕೆ ನಾಲ್ಕು ಸಲ ಸೆಲ್ಫ್ ಹೊಡೆಯುತ್ತೀರಿ, ಒಂದು ಸಲಕ್ಕೆ 2 ಸೆಕೆಂಡು ಎಂದಿಟ್ಟುಕೊಳ್ಳಿ. ದಿನಕ್ಕೆ 8 ಸೆಕೆಂಡು. ವರ್ಷಕ್ಕೆ 49 ನಿಮಿಷ. ಹತ್ತು ವರ್ಷಕ್ಕೆ ಸುಮಾರು 8 ಗಂಟೆ. ಹತ್ತು ವರ್ಷ ನಾವು ನಂಬಿಕೊಂಡಿರುವ ಸೆಲ್ಫ್ ಒಟ್ಟು ದುಡಿಯುವುದು ಕಾರ್ಖಾನೆಯ ಒಂದೇ ಒಂದು ಪಾಳಿ! ಅಷ್ಟಕ್ಕೇ ‘ಸೆಲ್ಫ್ ಹೋಗಿದೆ ಸಾರ್’ ಅನ್ನಿಸಿಕೊಳ್ಳದಿರಲು ಹಲ್ಲು ಎಣಿಸಿ, ಅರ್ತ್ ಕೆರೆದು, ಸರಿಯಾದದ್ದನ್ನೇ ಕೂರಿಸಿ!